ಸಿಪ್ಪೆ ಬಿಡುವ ಕಲ್ಲೆಲ್ಲ ಡೈನೊಸಾರ್ ಮೊಟ್ಟೆಯಲ್ಲ

ಪ್ರಶ್ನೆ: ವಿಜಯಪುರ ಜಿಲ್ಲೆಯವರು ನಾವು. ಬಾವಿ ತೋಡುವಾಗ ಮೊಟ್ಟೆಯಾಕಾರದ ಕಲ್ಲುಗಳು ಸಿಕ್ಕಿವೆ. ಒಂದನ್ನು ಒಡೆದರೆ ಪದರ ಪದರವಾಗಿ ಸಿಪ್ಪೆ ಎದ್ದಿತು. ಆಸಿಡ್ ಹಾಕಿದರೆ ನೊರೆ ಬಂತು. ಪರಿಚಯದ ಒಬ್ಬರು ಇವು ಡೈನೊಸಾರ್ ಮೊಟ್ಟೆ ಎನ್ನುತ್ತಾರೆ, ಸರ್ಟಿಫಿಕೇಟ್ ಮಾಡಿಸಲು ಹಣ ಕೇಳುತ್ತಿದ್ದಾರೆ. ಬೆಲೆ ಎಷ್ಟಾಗಬಹುದು?

ಉತ್ತರ: ಊರಿನ ಹೆಸರು ಮಾತ್ರ ಬದಲಾಗಿ ಇದೇ ಪತ್ರ ಬರುತ್ತಲೇ ಇರುತ್ತದೆ. ಮೊದಲು ಆ ಸರ್ಟಿಫಿಕೇಟಿನವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಂಥ ಸರ್ಟಿಫಿಕೇಟೇ ಇಲ್ಲ.

ನಿಮ್ಮ ಹೊಲದಡಿ ಇರುವುದು ದಖನ್ ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಅದು ತಣಿಯುವಾಗ ಬಿರುಕು ಬಿಟ್ಟು ದಿಮ್ಮಿದಿಮ್ಮಿಯಾಗುತ್ತದೆ. ಬಿರುಕಿಗಿಳಿದ ನೀರು ದಿಮ್ಮಿಯನ್ನು ಸುತ್ತಲಿಂದ ತಿನ್ನುತ್ತದೆ. ಮುಖಕ್ಕೆ ಒಂದೇ ಕಡೆಯಿಂದ ಪೆಟ್ಟು, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಹಾಗಾಗಿ ಮೂಲೆಗಳು ಮೊದಲು ಸವೆದು ದಿಮ್ಮಿ ಉರುಟಾಗುತ್ತದೆ. ಕೊಳೆತ ಕಲ್ಲು ಈರುಳ್ಳಿಯಂತೆ ಸಿಪ್ಪೆಸಿಪ್ಪೆಯಾಗಿ ಬಿಟ್ಟುಕೊಳ್ಳುತ್ತದೆ, ನಡುವೆ ಕರಿಯ ಗಟ್ಟಿ ತಿರುಳು ಉಳಿಯುತ್ತದೆ.

ಇನ್ನು ಆಸಿಡ್ ಆಟ. ಮೊಟ್ಟೆಯ ಚಿಪ್ಪು ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ, ಅದಕ್ಕೇ ನೊರೆ ಬರುತ್ತದೆ, ನಿಜ. ಆದರೆ ಲಾವಾದ ಗಾಳಿಗುಳ್ಳೆಗಳೊಳಗೆ ತುಂಬಿಕೊಂಡ ಬಿಳಿ ಹರಳುಗಳಲ್ಲೂ ಕ್ಯಾಲ್ಸೈಟ್ ಇರುತ್ತದೆ. ಕರಿಮಣ್ಣಿನ ಸುಣ್ಣದ ಗಂಟುಗಳಂತೂ ಹನಿ ಬಿದ್ದರೆ ಸಾಕು, ಬುಸುಗುಟ್ಟುತ್ತವೆ. ನೊರೆ ಸುಣ್ಣ ಇದೆ ಎಂದಷ್ಟೇ ಹೇಳುತ್ತದೆ, ಡೈನೊಸಾರ್ ಇತ್ತು ಎಂದಲ್ಲ.

ನಿಜವಾದ ಮೊಟ್ಟೆಗೆ ಒಂದೆರಡು ಮಿಲಿಮೀಟರ್ ದಪ್ಪದ ಒಂದು ಚಿಪ್ಪಿರುತ್ತದೆ. ತಿರುಳಿನವರೆಗೂ ಸಿಪ್ಪೆ ಇರುವುದಿಲ್ಲ. ಚಿಪ್ಪಿನ ಚೂರನ್ನು 0.03 ಮಿಲಿಮೀಟರಿನಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಒಳಮೈಯಿಂದ ಹೊರಕ್ಕೆ ಬೀಸಣಿಗೆಯಾಕಾರದಲ್ಲಿ ಬೆಳೆದ ಹರಳುಗಳೂ ಅವುಗಳ ನಡುವೆ ಭ್ರೂಣ ಉಸಿರಾಡಿದ ರಂಧ್ರಗಳೂ ಕಾಣುತ್ತವೆ. ಇದು ಕಾಣದಿದ್ದರೆ ನಾನು ಮೊಟ್ಟೆ ಎನ್ನುವುದಿಲ್ಲ, ಯಾರೇ ಒತ್ತಾಯಿಸಲಿ.

ಅಂಥ ಮೊಟ್ಟೆಗಳು ಸಿಕ್ಕಿರುವುದು ಲಾವಾದಲ್ಲಲ್ಲ, ಗುಜರಾತಿನ ಬಾಲಾಸಿನೋರ್ ಬಳಿ ಮತ್ತು ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ಲ್ಯಾಮೆಟಾ ಎಂಬ ಶಿಲಾಪದರಗಳಲ್ಲಿ. ಧಾರ್ ಜಿಲ್ಲೆಯೊಂದರಿಂದಲೇ 92 ಗೂಡು, 256 ಮೊಟ್ಟೆಗಳ ವರದಿ 2023ರಲ್ಲಿ ಪ್ರಕಟವಾಯಿತು. ಅದೇ ಜಿಲ್ಲೆಯ ಪಾಡ್ಲ್ಯಾದಲ್ಲಿ ಜನ ಇವನ್ನು ಕಾಕಡ್ ಭೈರವ ಎಂದು ಪೂಜಿಸುತ್ತಿದ್ದರು. ಅವರು ಮೊಟ್ಟೆಯನ್ನು ದೇವರೆಂದರು, ನಿಮ್ಮ ಪರಿಚಯದವರು ಕಲ್ಲನ್ನು ಮೊಟ್ಟೆ ಎನ್ನುತ್ತಿದ್ದಾರೆ. ಪಾಡ್ಲ್ಯಾದವರೇ ವಾಸಿ, ಮಾರಲಿಕ್ಕಾದರೂ ಹೊರಡಲಿಲ್ಲ.

ಇಷ್ಟು ಬೈದ ಮೇಲೆ ಒಂದು ಮಾತು. ಎರಡು ಲಾವಾ ಪದರಗಳ ನಡುವೆ ಹಳೆಯ ಕೆರೆಯ ಕೆಸರು ತೆಳುವಾಗಿ ಉಳಿದಿರುವುದುಂಟು. ಗುರುಮಠಕಲ್ ಸುತ್ತಲಿನ ಅಂಥ ಪದರಗಳಲ್ಲಿ ಸಿಹಿನೀರಿನ ಆಸ್ಟ್ರಕೋಡ್ ಎಂಬ ಎಳ್ಳಿಗಿಂತ ಚಿಕ್ಕ ಜೀವಿಗಳ ಚಿಪ್ಪು ಸಿಕ್ಕಿದೆ. ಬಾವಿಯ ಗೋಡೆಯಲ್ಲಿ ಮಸುಕು ಬಣ್ಣದ ಪಟ್ಟಿ, ಅದರಲ್ಲಿ ಬಸವನಹುಳುವಿನ ಚಿಪ್ಪು ಕಂಡರೆ ಕೀಳಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಆಳ ಎಷ್ಟು, ಮೇಲೆ ಯಾವ ಕಲ್ಲು, ಕೆಳಗೆ ಯಾವುದು ಎಂದು ಬರೆದಿಡಿ. ಲಕೋಟೆಯಲ್ಲಿ ಬಂದ ತುಂಡಿನಿಂದ ನನಗೆ ಉಪಯೋಗವಿಲ್ಲ. ಎಲ್ಲಿಯದು ಎಂಬುದೇ ಸುಳ್ಳಾದರೆ ಏನಾಗುತ್ತದೆ ಎಂದು ನಮ್ಮ ದೇಶ ನೋಡಿದೆ: ಹಿಮಾಲಯದವು ಎಂದು ವರ್ಷಗಟ್ಟಲೆ ಪ್ರಕಟವಾದ ಪಳೆಯುಳಿಕೆಗಳಲ್ಲಿ ಮೊರಾಕೊದವೂ ನ್ಯೂಯಾರ್ಕಿನವೂ ಇವೆ ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ಬಯಲು ಮಾಡಿದರು. ಆ ಕಸವನ್ನು ಬೇರ್ಪಡಿಸುವ ಕೆಲಸ ಉಳಿದವರ ಪಾಲಿಗೆ ಬಂತು.

ಪ್ರಶ್ನೆ: ಲಾಲ್‌ಬಾಗಿನ ಬಂಡೆಯ ವಯಸ್ಸನ್ನು ಕಾರ್ಬನ್ ಡೇಟಿಂಗಿನಿಂದ ತಿಳಿದದ್ದೆ?

ಉತ್ತರ: ಇಲ್ಲ. ಸುಮಾರು 50,000 ವರ್ಷ ದಾಟಿದ್ದಕ್ಕೆ ಆ ವಿಧಾನ ಕೆಲಸಕ್ಕೆ ಬರದು, ಬಂಡೆಗೆ ಸುಮಾರು 300 ಕೋಟಿ ವರ್ಷ.

ಪ್ರಶ್ನೆ: ಸಾಲಿಗ್ರಾಮದೊಳಗಿನ ಚಕ್ರಕ್ಕೆ ರೋಗ ಗುಣಪಡಿಸುವ ಶಕ್ತಿಯಿದೆಯೆ?

ಉತ್ತರ: ಚಕ್ರ ಕಡಲಿನ ಅಮೊನೈಟ್ ಪ್ರಾಣಿಯ ಚಿಪ್ಪಿನ ಗುರುತು. ಪೂಜೆ ನಿಮ್ಮಿಷ್ಟ, ರೋಗಕ್ಕೆ ವೈದ್ಯರಿದ್ದಾರೆ.

ಪ್ರಶ್ನೆ: ಮಗಳು ಬಿ.ಎಸ್ಸಿ. ಭೂವಿಜ್ಞಾನ ಓದುತ್ತಿದ್ದಾಳೆ, ಪಳೆಯುಳಿಕೆ ಸಂಶೋಧನೆಗೆ ಹೋಗುತ್ತೇನೆ ಎನ್ನುತ್ತಾಳೆ. ಹೊಟ್ಟೆ ತುಂಬುತ್ತದೆಯೆ?

ಉತ್ತರ: ಡೈನೊಸಾರ್ ಮೂಳೆಯೊಂದನ್ನೇ ನೆಚ್ಚಿದರೆ ಕಷ್ಟ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ ಯುಪಿಎಸ್‌ಸಿ ಪರೀಕ್ಷೆಯಿದೆ, ಸಂಶೋಧನೆಗೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಿದೆ, ತೈಲ ಕಂಪನಿಗಳಿಗೆ ಫೊರಾಮಿನಿಫೆರಾ ಎಂಬ ಕಡಲಿನ ಸೂಕ್ಷ್ಮಜೀವಿಗಳ ಚಿಪ್ಪು ಬಲ್ಲವರು ಬೇಕು. ಪಳೆಯುಳಿಕೆ ಕೆಲಸದಲ್ಲಿ ಬಹಳಷ್ಟು ಹೊತ್ತು ಸೂಕ್ಷ್ಮದರ್ಶಕದ ಮುಂದೆಯೇ ಕಳೆಯುತ್ತದೆ. ಎಂ.ಎಸ್ಸಿ. ಸೇರುವ ಮೊದಲು ಶಹಾಬಾದಿನ ಯಾವುದಾದರೂ ಕಲ್ಲುಗಣಿಗೆ ಹೋಗಿ, ಮಾಲೀಕರ ಅನುಮತಿ ಪಡೆದು, ಒಂದು ಗೋಡೆಯನ್ನು ಬುಡದಿಂದ ತುದಿಯವರೆಗೆ ಅಳೆದು ಪ್ರತಿ ಪದರವನ್ನೂ ಬರೆದುಕೊಳ್ಳಲಿ. ಅದೇ ಬೇಸರವೆನಿಸಿದರೆ ಬೇರೆ ವಿಷಯ ನೋಡಿಕೊಳ್ಳಲಿ.