ಹಾಡುಗಳಾಚೆಗಿನ ಸಿನಿಮಾ ಸಂಗೀತ: ಹಿನ್ನೆಲೆ ಸಂಗೀತವನ್ನು ಹೇಗೆ, ಯಾರಿಂದ ಕೇಳಲು ಆರಂಭಿಸಬೇಕು?

ಪುಣೆಯಲ್ಲಿ ಕಾಲೇಜು ಓದುತ್ತಿರುವ ನೀವು ಮೂರು ಸಂಗತಿಗಳನ್ನು ಕೇಳಿದ್ದೀರಿ: ಹಿನ್ನೆಲೆ ಸಂಗೀತವನ್ನು ಪ್ರತ್ಯೇಕವಾಗಿ ಹಾಕಿಕೊಂಡು ಕೇಳಿದರೆ ಐದೇ ನಿಮಿಷದಲ್ಲಿ ಗಮನ ಚದುರುವುದೇಕೆ, ಒಳ್ಳೆಯ ಹಾಡು ಕಟ್ಟುವವರೆಲ್ಲರೂ ಒಳ್ಳೆಯ ಹಿನ್ನೆಲೆ ಸಂಗೀತವನ್ನೂ ಕೊಡಬಲ್ಲರೇ, ಸ್ವರಲಿಪಿ ಓದಲು ಬಾರದವರಿಗೆ ಇದೆಲ್ಲ ದಕ್ಕುತ್ತದೆಯೇ ಎಂದು. ನಾನು ಸಂಗೀತಗಾರನಲ್ಲ, ಡೊಂಬಿವಲಿಯಲ್ಲಿದ್ದುಕೊಂಡು ಮುಂಬಯಿಯ ಕಾಲೇಜೊಂದರಲ್ಲಿ ಪದವಿ ಓದುತ್ತಿರುವ, ಹೈಸ್ಕೂಲಿನ ದಿನಗಳಿಂದ ಈ ಹುಚ್ಚು ಹಚ್ಚಿಕೊಂಡಿರುವ ಒಬ್ಬ ಕೇಳುಗ. ಆ ನೆಲೆಯಿಂದಲೇ ಉತ್ತರಿಸುತ್ತೇನೆ.

ಗಮನ ಚದುರುವುದು ಸಹಜವೇ. ಹಾಡಿಗೆ ಪಲ್ಲವಿ, ಚರಣಗಳ ಕಟ್ಟು ಇರುತ್ತದೆ. ಚರಣ ಮುಗಿದರೆ ಪಲ್ಲವಿ ಮರಳಿ ಬರುತ್ತದೆ ಎಂಬ ನಿರೀಕ್ಷೆಯೇ ನಮ್ಮನ್ನು ಹಿಡಿದಿಡುತ್ತದೆ. ಹಿನ್ನೆಲೆ ಸಂಗೀತದ ಕಟ್ಟನ್ನು ನಿರ್ಧರಿಸುವುದು ದೃಶ್ಯ. ನಟಿ ತಲೆಯೆತ್ತಿ ನೋಡುವುದು, ಬಾಗಿಲು ತೆರೆದುಕೊಳ್ಳುವುದು, ಮಾತು ಅರ್ಧಕ್ಕೆ ನಿಲ್ಲುವುದು, ಇವುಗಳಿಗೆ ತಕ್ಕಂತೆ ಅಳೆದು ಬರೆದದ್ದನ್ನು ಅವುಗಳಿಂದ ಬಿಡಿಸಿ ಕೇಳಿದರೆ ಕಾರಣವಿಲ್ಲದೆ ಏರುವ, ಕಾರಣವಿಲ್ಲದೆ ನಿಲ್ಲುವ ನಾದದಂತೆ ಕೇಳಿಸುತ್ತದೆ. ಆದ್ದರಿಂದ ಆಲ್ಬಂ ನಂತರ, ಚಿತ್ರ ಮೊದಲು. ಚಿತ್ರ ನೋಡುವಾಗಲೂ ಆರಂಭದಲ್ಲಿ ಧಾಟಿ ಹಿಡಿಯಲು ಹೋಗಬೇಡಿ. ಸಂಗೀತ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬುದನ್ನಷ್ಟೇ ಗಮನಿಸಿ. ಹಿನ್ನೆಲೆ ಸಂಗೀತಗಾರರ ಬುದ್ಧಿ ಹೆಚ್ಚಾಗಿ ಕೆಲಸ ಮಾಡುವುದು ಅಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

1975ರ ‘ಜಾಸ್’ ಚಿತ್ರವನ್ನೇ ನೋಡಿ. ಜಾನ್ ವಿಲಿಯಮ್ಸ್ ಅದಕ್ಕೆ ಕಟ್ಟಿದ ಎರಡು ಸ್ವರಗಳ ಎಳೆ ಎಲ್ಲರಿಗೂ ಗೊತ್ತು. ಶಾರ್ಕ್ ಕಾಣಿಸುವ ಮೊದಲೇ ಅದು ಬರುತ್ತಿದೆ ಎಂದು ಆ ಎಳೆ ತಿಳಿಸುತ್ತದೆ. ಆದರೆ ಅದೇ ಚಿತ್ರದಲ್ಲಿ ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ನೀರಿನಲ್ಲಿ ಈಜುತ್ತ ಜನರನ್ನು ಹೆದರಿಸುವ ದೃಶ್ಯವೊಂದಿದೆ. ಕಡಲತೀರದಲ್ಲಿದ್ದವರೆಲ್ಲ ಕಿರುಚಿಕೊಂಡು ಓಡುತ್ತಾರೆ, ಆ ಎರಡು ಸ್ವರಗಳು ಮಾತ್ರ ಅಲ್ಲಿ ಬರುವುದಿಲ್ಲ. ಎಚ್ಚರದಿಂದ ಕೇಳಿದವರಿಗೆ ಅದು ಸುಳ್ಳು ಶಾರ್ಕ್ ಎಂದು ಮೊದಲೇ ತಿಳಿಯುತ್ತದೆ. ಹೀಗೆ ನಮ್ಮ ನಂಬಿಕೆಯನ್ನು ಗಳಿಸಿಕೊಂಡ ಮೇಲೆ, ಚಿತ್ರದ ಉತ್ತರಾರ್ಧದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಶಾರ್ಕ್ ನೀರಿನಿಂದ ಬಾಯಿ ತೆರೆದು ಮೇಲೆದ್ದಾಗ ನಾವು ನಿಜಕ್ಕೂ ಬೆಚ್ಚುತ್ತೇವೆ. ಅದಕ್ಕೂ ಮುಂಚಿನ, 1960ರ ‘ಸೈಕೋ’ದಲ್ಲಿ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನು ಬಿಟ್ಟು ಬೇರೇನನ್ನೂ ಬಳಸಲಿಲ್ಲ. ಸ್ನಾನದ ಕೋಣೆಯ ಕೊಲೆಗೆ ಸಂಗೀತವೇ ಬೇಡ ಎಂಬುದು ನಿರ್ದೇಶಕ ಹಿಚ್‌ಕಾಕ್ ಅವರ ಆರಂಭದ ಇರಾದೆಯಾಗಿತ್ತು. ಹರ್ಮನ್ ಬರೆದುದನ್ನು ಕೇಳಿದ ಮೇಲೆ ಅವರು ಮನಸ್ಸು ಬದಲಿಸಿದರು. ಆ ದೃಶ್ಯಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು ಅದಕ್ಕೂ ಮೊದಲು ನಾಯಕಿ ಮಳೆಯಲ್ಲಿ ಕಾರು ಓಡಿಸಿಕೊಂಡು ಹೋಗುವ ಭಾಗ. ಧ್ವನಿ ಕಡಿಮೆ ಮಾಡಿ ನೋಡಿದರೆ ಒಬ್ಬ ಹೆಂಗಸು ಕಾರು ಓಡಿಸುತ್ತಿದ್ದಾಳೆ, ಅಷ್ಟೆ.

ಸಂಗೀತ ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನನಗೆ ಮೊದಲು ಮನದಟ್ಟು ಮಾಡಿದ್ದು ಸಿನಿಮಾ ಅಲ್ಲ, ಯಕ್ಷಗಾನ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಇಲ್ಲಿನ ಸಭಾಗೃಹಗಳಲ್ಲಿ ನಡೆಯುವ ಆಟಗಳನ್ನು ನೀವೂ ಕಂಡಿರಬಹುದು. ಭಾಗವತರ ಕಣ್ಣು ಸದಾ ವೇಷಧಾರಿಯ ಮೇಲಿರುತ್ತದೆ; ಕಲಾವಿದರು ಒಂದು ಅಭಿನಯವನ್ನು ಹಿಗ್ಗಿಸಿದರೆ ಪದ್ಯವೂ ಹಿಗ್ಗುತ್ತದೆ, ಅರ್ಥಗಾರಿಕೆ ಶುರುವಾದ ಕೂಡಲೇ ಹಿಮ್ಮೇಳ ಹಿಂದೆ ಸರಿಯುತ್ತದೆ. ಚೆಂಡೆ ರಾತ್ರಿಯಿಡೀ ಒಂದೇ ಸಮನೆ ಬಡಿಯುತ್ತಿದ್ದರೆ ಬಣ್ಣದ ವೇಷದ ಪ್ರವೇಶಕ್ಕೆ ಉಳಿಯುವುದೇನು? ಇಂದಿನ ಕೆಲವು ದೊಡ್ಡ ಚಿತ್ರಗಳನ್ನು, ಅದರಲ್ಲಿಯೂ ನಾಯಕ ಪ್ರತಿ ಬಾರಿ ತಿರುಗಿದಾಗಲೂ ತಾಳವಾದ್ಯಗಳು ಸಿಡಿಯುವ ಚಿತ್ರಗಳನ್ನು ನೋಡುವಾಗ ಈ ಪ್ರಶ್ನೆಯೇ ನನಗೆ ಎದುರಾಗುತ್ತದೆ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಇವು ಎರಡು ಬೇರೆ ಬೇರೆ ಕಸುಬುಗಳು ಎಂಬುದು. ಕೆಲವರಲ್ಲಿ ಎರಡೂ ಇರುತ್ತವೆ, ಹಲವರಲ್ಲಿ ಇರುವುದಿಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯೇ ಈ ವ್ಯತ್ಯಾಸವನ್ನು ಒಪ್ಪಿಕೊಂಡು ಹಾಡುಗಳಿಗೂ ಹಿನ್ನೆಲೆ ಸಂಗೀತಕ್ಕೂ ಪ್ರತ್ಯೇಕ ಗೌರವ ಕೊಡಲು ಆರಂಭಿಸಿತು. 2009ರ ಚಿತ್ರಗಳಿಗೆ ಸಂದ ಪ್ರಶಸ್ತಿಗಳಲ್ಲಿ ಹಾಡುಗಳಿಗೆ ಅಮಿತ್ ತ್ರಿವೇದಿ, ಹಿನ್ನೆಲೆ ಸಂಗೀತಕ್ಕೆ ಇಳಯರಾಜಾ ಆಯ್ಕೆಯಾದರು. ಎರಡೂ ಕಸುಬು ಬಲ್ಲವರಲ್ಲಿ ಮುಂಬಯಿಯ ಮಟ್ಟಿಗೆ ನಾನು ಮೊದಲು ಹೇಳುವ ಹೆಸರು ಸಲಿಲ್ ಚೌಧರಿ ಅವರದು. ಅವರ ಹಾಡುಗಳು ನಿಮಗೆ ಗೊತ್ತಿರುತ್ತವೆ. ಆದರೆ ಬಿ.ಆರ್. ಚೋಪ್ರಾ ಅವರು ಒಂದೂ ಹಾಡಿಲ್ಲದ ಎರಡು ಹಿಂದಿ ಚಿತ್ರಗಳಿಗೆ, ಅಂದರೆ 1960ರ ‘ಕಾನೂನ್’ ಮತ್ತು 1969ರ ‘ಇತ್ತೆಫಾಕ್’ ಚಿತ್ರಗಳಿಗೆ ಕೈಹಾಕಿದಾಗ ಕರೆದದ್ದು ಸಲಿಲ್ ಅವರನ್ನೇ. ಹಾಡಿಲ್ಲದೆ ಹಿಂದಿ ಚಿತ್ರ ಓಡುವುದುಂಟೇ ಎಂದು ಅನುಮಾನಿಸುತ್ತಿದ್ದ ಕಾಲವದು. ‘ಇತ್ತೆಫಾಕ್’ನ ಕಥೆ ಬಹುಪಾಲು ಒಂದೇ ಮನೆಯಲ್ಲಿ, ಒಂದೇ ರಾತ್ರಿಯಲ್ಲಿ ನಡೆಯುತ್ತದೆ, ಸಂಗೀತಕ್ಕೆ ಅಡಗಲು ಎಲ್ಲಿಯೂ ಜಾಗವಿಲ್ಲ. ಕನ್ನಡದವರಿಗೆ ಇನ್ನೂ ಒಂದು ನಂಟಿದೆ: ಬಾಲು ಮಹೇಂದ್ರ ಅವರ ಮೊದಲ ಚಿತ್ರ, 1977ರ ಕನ್ನಡದ ‘ಕೋಕಿಲ’ಕ್ಕೆ ಸಂಗೀತ ಕೊಟ್ಟವರೂ ಸಲಿಲ್ ಚೌಧರಿಯವರೇ.

ಆ ಕಾಲದಲ್ಲಿ ಕೆಲಸ ನಡೆಯುತ್ತಿದ್ದ ರೀತಿಯನ್ನು ತಿಳಿದುಕೊಂಡರೆ ನೀವು ಕೇಳುವ ರೀತಿಯೇ ಬದಲಾಗುತ್ತದೆ. ಸಂಕಲನ ಮುಗಿದ ಚಿತ್ರವನ್ನು ತಾಡದೇವ್‌ನ ಫೇಮಸ್, ಫಿಲ್ಮ್ ಸೆಂಟರ್ ಅಥವಾ ಬಾಂದ್ರಾದ ಮೆಹಬೂಬ್‌ನಂಥ ಸ್ಟುಡಿಯೋಗಳ ಧ್ವನಿಮುದ್ರಣ ಸಭಾಂಗಣದಲ್ಲಿ ರೀಲು ರೀಲಾಗಿ ತೆರೆಯ ಮೇಲೆ ಓಡಿಸುತ್ತಿದ್ದರು. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ. ವಾದ್ಯಗಾರರೆಲ್ಲ ಒಟ್ಟಿಗೆ ಕುಳಿತು ನುಡಿಸುತ್ತಿದ್ದ ಕಾರಣ ಒಬ್ಬರು ತಪ್ಪಿದರೂ ಆ ತುಣುಕನ್ನು ಮೊದಲಿನಿಂದ ನುಡಿಸಬೇಕಾಗುತ್ತಿತ್ತು. ಸಂಗೀತ ನಿರ್ದೇಶಕರಲ್ಲಿ ಹಲವರು ಹಾರ್ಮೋನಿಯಂ ಮುಂದೆ ಕುಳಿತು ಧಾಟಿ ಕಟ್ಟುವವರು. ಆ ಧಾಟಿಯನ್ನು ಹತ್ತಾರು ಪಿಟೀಲು, ಚೆಲ್ಲೊ, ಟ್ರಂಪೆಟ್‌ಗಳಿಗೆ ಹಂಚಿ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಡುತ್ತಿದ್ದವರು ಅರೇಂಜರ್‌ಗಳು. ಅವರಲ್ಲಿಯೂ ವಾದ್ಯಗಾರರಲ್ಲಿಯೂ ಬಹಳಷ್ಟು ಜನ ಗೋವಾದವರು, ಪೋರ್ಚುಗೀಸರ ಆಳ್ವಿಕೆಯ ಕಾಲದಲ್ಲಿ ಇಗರ್ಜಿಯ ಶಾಲೆಗಳಲ್ಲಿ ಎಳವೆಯಿಂದಲೇ ಸ್ವರಲಿಪಿ ಓದಲು ಕಲಿತವರು. ಶಂಕರ್-ಜೈಕಿಶನ್ ಅವರ ದೊಡ್ಡ ವಾದ್ಯವೃಂದದ ಹಿಂದೆ ಸೆಬಾಸ್ಟಿಯನ್ ಡಿಸೋಜಾ ಇದ್ದರು. ಗೋವಾದ ಮಾಜೊರ್ಡಾ ಊರಿನ ಆಂಥನಿ ಗೊನ್ಸಾಲ್ವಿಸ್ ಅವರ ಬಳಿ ಪಿಟೀಲು ಕಲಿತ ಪ್ಯಾರೇಲಾಲ್, ಮುಂದೆ 1977ರ ‘ಅಮರ್ ಅಕ್ಬರ್ ಆಂಥನಿ’ಯಲ್ಲಿ ತಮ್ಮ ಗುರುವಿನ ಹೆಸರನ್ನು ಇಡೀ ದೇಶ ಗುನುಗುವ ಹಾಡೊಂದಕ್ಕೆ ಸೇರಿಸಿದರು. ಆ ಹಾಡು ಕೇಳಿ ನಕ್ಕವರಲ್ಲಿ ಎಷ್ಟು ಜನರಿಗೆ ಅದು ನಿಜವಾದ ಮನುಷ್ಯನೊಬ್ಬನ ಹೆಸರೆಂದು ಗೊತ್ತಿತ್ತೋ! ಚಿತ್ರದ ಶೀರ್ಷಿಕೆಗಳಲ್ಲಿ ಇಂಥವರ ಹೆಸರು ಬಂದರೆ ‘ಸಹಾಯಕ’ ಎಂದು ಸಣ್ಣ ಅಕ್ಷರದಲ್ಲಿ. ಅನೇಕ ವೇಳೆ ಅದೂ ಇಲ್ಲ. ಹಿನ್ನೆಲೆ ಸಂಗೀತದ ಬಗ್ಗೆ ಆಸಕ್ತಿ ಬೆಳೆಸಿಕೊಳ್ಳುವವರು ಸಂಗೀತ ನಿರ್ದೇಶಕರ ಹೆಸರಿನ ಜೊತೆಗೆ ಅರೇಂಜರ್ ಯಾರು ಎಂದು ಹುಡುಕುವ ಅಭ್ಯಾಸ ಮಾಡಿಕೊಳ್ಳಬೇಕು.

ಒಂದೇ ವಾದ್ಯ ಎರಡು ಚಿತ್ರಗಳಲ್ಲಿ ಏನೇನು ಮಾಡಬಲ್ಲದು ಎಂದು ನೋಡಲು ಮೌತ್ ಆರ್ಗನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಎನ್ನಿಯೊ ಮೊರಿಕೋನೆ ಸಂಗೀತ ನೀಡಿದ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರದಲ್ಲಿ ಹೆಸರೇ ಇಲ್ಲದ ನಾಯಕ ಮಾತಿನ ಬದಲು ಮೌತ್ ಆರ್ಗನ್ ಊದುತ್ತಾನೆ. ಅದರ ಕರ್ಕಶವಾದ ಎಳೆ ಏಕೆ ಬೆನ್ನಟ್ಟಿ ಬರುತ್ತಿದೆ ಎಂಬುದು ಕೊನೆಯವರೆಗೂ ಗುಟ್ಟಾಗಿ ಉಳಿದು, ಗೊತ್ತಾದಾಗ ಅದೇ ಇಡೀ ಕಥೆಯ ಕೀಲಿಯಾಗುತ್ತದೆ. ಆ ಚಿತ್ರದ ಮುಖ್ಯ ಎಳೆಗಳನ್ನು ಮೊರಿಕೋನೆ ಚಿತ್ರೀಕರಣಕ್ಕೆ ಮೊದಲೇ ಸಿದ್ಧಪಡಿಸಿದ್ದರು, ನಿರ್ದೇಶಕ ಲಿಯೋನೆ ಅವನ್ನು ಸೆಟ್ಟಿನಲ್ಲಿ ಕೇಳಿಸುತ್ತಲೇ ದೃಶ್ಯಗಳನ್ನು ಚಿತ್ರೀಕರಿಸಿದರು. 1975ರ ‘ಶೋಲೆ’ಯಲ್ಲಿ ಆರ್.ಡಿ. ಬರ್ಮನ್ ಅದೇ ವಾದ್ಯವನ್ನು ತೀರ ಬೇರೆ ಕೆಲಸಕ್ಕೆ ಹಚ್ಚುತ್ತಾರೆ. ರಾತ್ರಿ ಕೆಳಗೆ ಕುಳಿತ ಜೈ ಮೌತ್ ಆರ್ಗನ್ ನುಡಿಸುತ್ತಿದ್ದಾನೆ, ಮೇಲಿನ ಪಡಸಾಲೆಯಲ್ಲಿ ವಿಧವೆ ರಾಧಾ ಒಂದೊಂದೇ ದೀಪವನ್ನು ಆರಿಸುತ್ತಿದ್ದಾಳೆ. ಇಬ್ಬರ ನಡುವೆ ಒಂದು ಮಾತೂ ಇಲ್ಲ. ನುಡಿಸಿದವರು ಬರ್ಮನ್ ಅವರ ತಂಡದ ಭಾನು ಗುಪ್ತಾ. ಪಾತ್ರವೇ ನುಡಿಸುವ ಕಾರಣ ಆ ಸಂಗೀತ ಕಥೆಯ ಒಳಗೂ ಇದೆ, ಹೊರಗಿನಿಂದ ನಮ್ಮ ಮನಸ್ಸಿನ ಮೇಲೂ ಕೆಲಸ ಮಾಡುತ್ತಿದೆ. ಅದೇ ಚಿತ್ರದಲ್ಲಿ ಠಾಕೂರನ ಮನೆಯವರ ಕೊಲೆಯ ಭಾಗವನ್ನೂ ಕೇಳಿ. ಉಯ್ಯಾಲೆಯ ಕಿರುಗುಟ್ಟುವ ಸದ್ದು ಅಲ್ಲಿ ಯಾವ ವಾದ್ಯಕ್ಕೂ ಕಡಿಮೆಯಿಲ್ಲದ ಪಾತ್ರ ವಹಿಸುತ್ತದೆ.

ಹೀಗೆ ವಾದ್ಯವೊಂದು ಪಾತ್ರದ ದನಿಯೇ ಆಗಿಬಿಡುವ ಇನ್ನೊಂದು ಕ್ಷಣ 1955ರ ‘ಪಥೇರ್ ಪಾಂಚಾಲಿ’ಯಲ್ಲಿದೆ. ಮಗಳು ಸತ್ತದ್ದು ತಿಳಿಯದೆ ಮನೆಗೆ ಮರಳಿದ ತಂದೆಯ ಮುಂದೆ ತಾಯಿ ಬಿಕ್ಕಿದಾಗ ನಮಗೆ ಅವಳ ಅಳು ಕೇಳಿಸುವುದಿಲ್ಲ, ಅದರ ಬದಲಿಗೆ ಕಮಾನಿನಿಂದ ನುಡಿಸುವ ತಂತಿವಾದ್ಯವಾದ ತಾರ್ ಶಹನಾಯಿಯ ಎತ್ತರದ ದನಿ ಏಳುತ್ತದೆ. ಪಂಡಿತ್ ರವಿಶಂಕರ್ ಆ ಚಿತ್ರದ ಸಂಗೀತವನ್ನು ಸುಮಾರು 11 ಗಂಟೆಗಳ ಒಂದೇ ಅವಧಿಯಲ್ಲಿ ಮುದ್ರಿಸಿದರು.

ಮುಂಬಯಿಯವರೇ ಆದ ವನರಾಜ್ ಭಾಟಿಯಾ ಅವರನ್ನು ಬಿಡಬೇಡಿ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿಯೂ ಪ್ಯಾರಿಸ್‌ನಲ್ಲಿ ನಾದಿಯಾ ಬೂಲಾಂಜೆ ಅವರ ಬಳಿಯೂ ಕಲಿತು ಬಂದ ಅವರು ಶ್ಯಾಮ್ ಬೆನಗಲ್ ಅವರ ಚಿತ್ರಗಳಲ್ಲಿ ತಮ್ಮ ಪಾಂಡಿತ್ಯವನ್ನು ಮೆರೆಸದೆ ದುಡಿದರು. 1974ರ ‘ಅಂಕುರ್’ನಲ್ಲಿ ಸಂಗೀತ ಎಷ್ಟು ಕಡಿಮೆ ಇದೆಯೆಂದು ನೋಡಿದರೆ ಈ ಸಂಯಮ ಅರ್ಥವಾಗುತ್ತದೆ.

ನಮ್ಮ ಕನ್ನಡದಲ್ಲಿ ಇಂಥ ಸಂಯಮಕ್ಕೆ ದೊಡ್ಡ ಹೆಸರು ಬಿ.ವಿ. ಕಾರಂತ. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳಿಗಾಗಿ ಸತತ ಎರಡು ವರ್ಷ, 1976 ಮತ್ತು 1977ರ ರಾಷ್ಟ್ರೀಯ ಪ್ರಶಸ್ತಿಗಳು ಅವರಿಗೆ ಸಂದವು. 1970ರ ‘ಸಂಸ್ಕಾರ’ಕ್ಕೆ ಸರೋದ್ ವಾದಕ ರಾಜೀವ ತಾರಾನಾಥ ಸಂಗೀತ ನೀಡಿದರು. ಇನ್ನೊಂದು ದಿಕ್ಕಿನಲ್ಲಿ, ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದ ಇಳಯರಾಜಾ. ಮಣಿರತ್ನಂ ಅವರ ಮೊದಲ ಚಿತ್ರ, 1983ರ ಕನ್ನಡದ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನು ನೀವು ಕೇಳಿಯೇ ಇರುತ್ತೀರಿ, ಅದರ ಹಿನ್ನೆಲೆಯ ಎಳೆಯೊಂದನ್ನು ಎಷ್ಟೋ ವರ್ಷಗಳ ಬಳಿಕ ಮೊಬೈಲ್ ಕಂಪನಿಯೊಂದರ ಜಾಹೀರಾತು ಬಳಸಿಕೊಂಡಿದ್ದರಿಂದ, ಆ ಚಿತ್ರದ ಹೆಸರೇ ಗೊತ್ತಿಲ್ಲದ ನನ್ನ ಮರಾಠಿ ಗೆಳೆಯರೂ ಅದನ್ನು ಗುನುಗುತ್ತಾರೆ. ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕಟ್ಟಿದ ಶೀರ್ಷಿಕೆ ಸಂಗೀತದ ಬಗ್ಗೆ ಕನ್ನಡಿಗರಿಗೆ ಹೇಳುವ ಅಗತ್ಯವಿಲ್ಲ. ಈಗಿನವರಲ್ಲಿ ಅಜನೀಶ್ ಲೋಕನಾಥ್ ಅವರ 2014ರ ‘ಉಳಿದವರು ಕಂಡಂತೆ’ಯನ್ನು ನಾನು ‘ಕಾಂತಾರ’ಕ್ಕಿಂತ ಒಂದು ಕೈ ಮೇಲಿಡುತ್ತೇನೆ, ಇದನ್ನು ಒಪ್ಪದವರು ನನ್ನ ಮನೆಯಲ್ಲಿಯೇ ಇದ್ದಾರೆ.

ಇನ್ನು ಸ್ವರಲಿಪಿ. ಅದು ಬಾರದಿದ್ದರೂ ನಡೆಯುತ್ತದೆ, ನನಗೂ ಬಾರದು. ಆದರೆ ವಾದ್ಯಗಳ ದನಿಯನ್ನು ಗುರುತಿಸಲು ಕಲಿಯಲೇಬೇಕು. ತಂತಿವಾದ್ಯಗಳಾದ ವಯೋಲಾಗೂ ಚೆಲ್ಲೊಗೂ, ಊದುವ ವಾದ್ಯಗಳಾದ ಓಬೊಗೂ ಕ್ಲಾರಿನೆಟ್‌ಗೂ ಇರುವ ವ್ಯತ್ಯಾಸ ಕಿವಿಗೆ ಸಿಕ್ಕಿತೆಂದರೆ ಆಲ್ಬಂ ಕೇಳುವಾಗ ಗಮನ ಚದುರುವುದು ತಾನಾಗಿಯೇ ಕಡಿಮೆಯಾಗುತ್ತದೆ. ಲೋಕಲ್ ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಇದನ್ನು ಕೇಳಬೇಡಿ; ಹಾಡಿನ ಧ್ವನಿಮುದ್ರಣ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿರುತ್ತದೆ, ಹಿನ್ನೆಲೆ ಸಂಗೀತವು ಪಿಸುಗುಡುವ ಮಟ್ಟದಿಂದ ಅಬ್ಬರದವರೆಗೆ ಏರಿಳಿಯುವುದರಿಂದ ಅದರ ಮೆಲುದನಿಯ ಭಾಗವೆಲ್ಲ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಚೆಲ್ಲೊದ ಕೆಳಸ್ವರಗಳು ಕೇಳುವುದೇ ಇಲ್ಲ. ಪುಣೆಯಲ್ಲಿರುವ ನಿಮಗೆ ಒಂದು ಅನುಕೂಲವಿದೆ: ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್‌ನಲ್ಲಿ ಹಳೆಯ ಚಿತ್ರಗಳ ಪ್ರದರ್ಶನವಿದ್ದಾಗ ತಪ್ಪಿಸಿಕೊಳ್ಳಬೇಡಿ. ಮುಂಬಯಿಗೆ ಬಂದರೆ ನರಿಮನ್ ಪಾಯಿಂಟ್‌ನ ಪ್ರದರ್ಶನ ಕಲೆಗಳ ಕೇಂದ್ರ ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿಗೆ ಹೋಗಿ, ಕಡಿಮೆ ದರದ ಮೇಲಂತಸ್ತಿನ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿಂದ ಇಡೀ ವಾದ್ಯವೃಂದ ಕಾಣುತ್ತದೆ. ಯಾವ ದನಿ ಯಾರ ಕೈಯಿಂದ ಹೊರಟಿತೆಂಬುದನ್ನು ಕಣ್ಣಿನಿಂದಲೇ ಕಲಿಯಬಹುದು.