ನೀಲಿ ಹಳದಿ ನಡುವೆ ಬೂದಿ ಬಂದಿದೆಯಾ? ತುದಿಯ ಬಣ್ಣ ಮುಟ್ಟಬೇಡ

ತಮ್ಮಾ, ಧಾರವಾಡದ ಕೋಚಿಂಗ್ ಕ್ಲಾಸಿಗೆ ನೀನು ಮಾಡಿದ ವೆಬ್‌ಸೈಟ್ ಬ್ಯಾನರ್ ನೋಡಿದೆ. ನೀಲಿಯಿಂದ ಹಳದಿಗೆ ಹೋಗುವಾಗ ನಡುವೆ ಬೂದಿ ಬಳಿದಂತಿದೆ. ಎರಡೂ ತುದಿ ಇನ್ನೂ ಗಾಢ ಮಾಡ್ತೇನೆ ಅಂದಿದ್ದೀಯ. ಬೇಡ. ಅಚ್ಚ ನೀಲಿ, ಅಚ್ಚ ಹಳದಿ ಹಾಕಿದರೂ ಸರಿಯಾಗಿ ಮಧ್ಯಕ್ಕೆ ಬರುವುದು 808080 ಅನ್ನುವ ಸಂಕೇತದ ಬಣ್ಣ, ಪೂರ್ತಿ ಬೂದು. ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಪ್ರಮಾಣಗಳ ಸರಾಸರಿ ಅಂದರೆ ಅಷ್ಟೇ.

ನಾನು ಇದೇ ತಪ್ಪು ಮಾಡಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಸೈಟಿಗೆ. ಹಣ್ಣುಗಾಯಿಯ ಕೆಂಪಿನಿಂದ ತೊಟ್ಟಿನ ಹಸಿರಿಗೆ ಗ್ರೇಡಿಯೆಂಟ್, ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವುದು. ನಡುವೆ ಕಂದು ಬಂತು. ಎರಡು ರಾತ್ರಿ ಬರೀ ಕೆಂಪನ್ನೇ ಬದಲಿಸುತ್ತ ಕೂತೆ. ಅವರು ನೋಡಿದವರೇ, "ಇದು ಮಳೀಗೆ ತೊಯ್ದ ಮಾಲ್ ಕಂಡಂಗ ಕಾಣತೈತಲ್ರಿ" ಅಂದರು. ಬಣ್ಣ ನೋಡಿ ರೇಟ್ ಹೇಳುವ ಪೇಟೆ ಅದು, ಆ ಮಾತು ಸಣ್ಣದಲ್ಲ. ಕೊನೆಗೆ 50 ಪರ್ಸೆಂಟಿಗೆ, ಸರಿ ನಡುವೆ, ಕೈಯಾರೆ ಒಂದು ಅರಿಶಿನದ ಸ್ಟಾಪ್ (ಹಾದಿಯಲ್ಲಿ ಬರಲೇಬೇಕಾದ ಬಣ್ಣ) ಸೇರಿಸಿದೆ. ಕಳೆ ಬಂತು.

ಈಗ ಅಷ್ಟೂ ಬೇಕಿಲ್ಲ. ಸಿಎಸ್ಎಸ್ (ಪುಟದ ಬಣ್ಣ, ಅಂದ ಹೇಳುವ ಕೋಡ್) ಸಾಲಿನ ಲೀನಿಯರ್-ಗ್ರೇಡಿಯೆಂಟ್ ಒಳಗೆ ಮೊದಲ ಬಣ್ಣಕ್ಕಿಂತ ಮುಂಚೆ 'ಇನ್ ಓಕೆಎಲ್‌ಸಿಎಚ್' (in oklch) ಬರೆದು ಕಾಮಾ ಹಾಕು. ಬಣ್ಣ ಹರಿಯುವ ದಿಕ್ಕಿಗೆ ಡಿಗ್ರಿ ಕೊಟ್ಟಿದ್ದರೆ ಅದರ ಪಕ್ಕದಲ್ಲೇ ಬರೆ, ಎರಡರ ನಡುವೆ ಕಾಮಾ ಬೇಡ. ಹಾಕಿದರೆ ಇಡೀ ಸಾಲೇ ಹೋಯಿತು. ಓಕೆಎಲ್‌ಸಿಎಚ್ ಅಂದರೆ ಬಣ್ಣವನ್ನು ಬೆಳಕು, ಗಾಢತೆ, ಚಕ್ರದ ಮೇಲಿನ ಜಾಗ ಹಿಡಿದು ಅಳೆಯುವ ರೀತಿ. ಇದು ಬಣ್ಣದ ಚಕ್ರದ ನಡುವೆ ಹಾಯದೆ ಅಂಚಿನಲ್ಲೇ ಸುತ್ತಿ ಹೋಗುತ್ತದೆ. ಹಾಗಾಗಿ ಬೂದಿ ಬರಲ್ಲ. ಆದರೆ ನಿನ್ನ ನೀಲಿ ಹಳದಿ ನಡುವೆ ಹಸಿರು ಬರುತ್ತದೆ, ಕ್ಲಾಸಿನವರಿಗೆ ಮೊದಲೇ ಹೇಳಿಬಿಡು. ಹಸಿರು ಬೇಡ ಅಂದರೆ 'ಓಕೆಎಲ್‌ಸಿಎಚ್' ಆದಮೇಲೆ 'ಲಾಂಗರ್ ಹ್ಯೂ' (longer hue) ಸೇರಿಸು, ಚಕ್ರದ ಉದ್ದದ ದಾರಿ ಹಿಡಿದು ಗುಲಾಬಿ ಕಿತ್ತಳೆ ಕಡೆಯಿಂದ ಬರುತ್ತದೆ. ಜಾತ್ರೆಯ ಪೆಂಡಾಲಿನಂತೆ ಕಂಡರೆ ನನ್ನ ಹಳೇ ಕೈ ಸ್ಟಾಪೇ ವಾಸಿ.

ಕ್ರೋಮ್ 111, ಸಫಾರಿ 16.2, ಫೈರ್‌ಫಾಕ್ಸ್ 127ರಿಂದ ಇದು ನಡೆಯುತ್ತದೆ. ಫೈರ್‌ಫಾಕ್ಸ್‌ಗೆ ಇದು ಬಂದಿದ್ದು 2024ರಲ್ಲಿ, ತೀರಾ ತಡ. ಹಳೇ ಫೋನಿಗೆ ಮೇಲೆ ಒಂದು ಸಾದಾ ಗ್ರೇಡಿಯೆಂಟ್ ಸಾಲು, ಕೆಳಗೆ ಹೊಸದು. ಅರ್ಥವಾಗದ ಸಾಲನ್ನು ಬ್ರೌಸರ್ ಬಿಟ್ಟುಬಿಡುತ್ತದೆ. ಸಾಲಿನೊಳಗೆ ಸಿಎಸ್ಎಸ್ ವೇರಿಯಬಲ್ (ಹೆಸರಿಟ್ಟು ಬಳಸುವ ಮೌಲ್ಯ) ಇದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ, ಆಗ ಹೊಸ ಸಾಲನ್ನು ಸಪೋರ್ಟ್ಸ್ (@supports) ಬ್ಲಾಕ್ ಒಳಗೆ ಇಡು, ಬ್ರೌಸರ್‌ಗೆ ಅದು ಗೊತ್ತಿದ್ದರೆ ಮಾತ್ರ ಓದುತ್ತದೆ.

ಡಿಸೈನ್ ಆ್ಯಪ್ ಕ್ಯಾನ್ವಾದಲ್ಲಿ ಮಾಡಿ ಪಿಎನ್‌ಜಿ ಚಿತ್ರ ಹಾಕ್ತೀನಿ ಅಂತ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ ರೀ. ಒಂದು ಸಾಲಿನ ಕೆಲಸಕ್ಕೆ ದೊಡ್ಡ ಫೈಲ್ ಯಾಕೆ? ಹಳ್ಳಿಯಿಂದ ಫೋನಲ್ಲಿ ತೆರೆಯುವ ಹುಡುಗರ ಡೇಟಾ ಸುಮ್ನೆ ಹಾಳು.

ಇನ್ನೊಂದು ತಮ್ಮಾ, ಆ ಬಿಳಿ ಅಕ್ಷರ. ನೀಲಿಯ ಮೇಲೆ ಚೆನ್ನಾಗಿದೆ, ಹಳದಿಯ ಮೇಲೆ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆ ನಡುವಿನ ಬೆಳಕಿನ ಅನುಪಾತ) 1.07 ಅಷ್ಟೇ. ಸಲೀಸಾಗಿ ಓದಲು ಬೇಕಿರುವುದು ಕನಿಷ್ಠ 4.5. ಫೀಸು, ಫೋನ್ ನಂಬರ್ ಎರಡೂ ಆ ಕಡೆಯೇ ಇವೆ. ಅವನ್ನು ನೀಲಿ ಕಡೆಗೆ ಸರಿಸು, ಆಮೇಲೆ ಫೋನ್ ಹಿಡಿದು ಬಿಸಿಲಿಗೆ ಹೋಗಿ ಓದಿ ನೋಡು.