ಹಲ್ಲುನೋವು ಬಾರದ ಹುಡುಗಿ

ಪ್ರೀತಿ ಮುರಿದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರಿಗೆ ಪ್ರೇಮಕಥೆ ಓದಿ ಅಂದರೆ ಎಷ್ಟೋ ಜನ ನನ್ನ ಮುಖ ನೋಡುತ್ತಾರೆ. ಸಹೋದ್ಯೋಗಿಯೊಬ್ಬರಂತೂ "ಗಾಯಕ್ಕೆ ಉಪ್ಪು ಸವರೋ ಕೆಲಸ ಯಾಕೆ ಮಾಡ್ತೀರಿ?" ಅಂತ ನೇರವಾಗಿಯೇ ಕೇಳಿದರು. ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಬಂದವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅವರಿಗೆ 38 ವರ್ಷ. ಸಂಬಂಧ ಮುರಿದು 7 ವರ್ಷವಾಗಿತ್ತು. ಕೆಲಸ, ಊಟ, ನಿದ್ದೆ ಎಲ್ಲ ಸರಿಯಾಗಿತ್ತು. ಆದರೆ ಯಾರ ಪರಿಚಯವಾದರೂ "ಅವಳ ಹಾಗಿಲ್ಲ" ಅನ್ನಿಸಿ ಎರಡೇ ವಾರಕ್ಕೆ ಹಿಂದೆ ಸರಿಯುತ್ತಿದ್ದರು. ಮೊದಲ ಮೂರು ಭೇಟಿಯಲ್ಲೂ ಅದೇ ಕಥೆ, ಹೆಚ್ಚುಕಮ್ಮಿ ಅದೇ ಮಾತುಗಳಲ್ಲಿ. ನನಗೂ ಬಾಯಿಪಾಠವಾಗಿತ್ತು.

ನಾಲ್ಕನೇ ಸಲ ಒಂದು ಕಾದಂಬರಿ ಓದಲು ಹೇಳಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಎಲ್ಲರೂ ಔಷಧಿಯ ಹಾಗೆ ಅದನ್ನೇ ಕೊಳ್ಳುತ್ತಾರೆ. ಎಲ್ಲಿ ಮನಸ್ಸು ತಡವರಿಸಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ಅಂದೆ, ಅಷ್ಟೇ.

ಐದನೇ ಭೇಟಿಗೆ ಪುಸ್ತಕ ತಂದಿದ್ದರು. ಗುರುತು ಇದ್ದದ್ದು ಒಂದೇ ಕಡೆ. ಅಗಲಿಕೆಯ ಪುಟ ಇರಬೇಕು ಅಂದುಕೊಂಡೆ. ಅಲ್ಲ. ನಾಯಕಿಗೆ ಹಲ್ಲುನೋವು. ಕೆನ್ನೆ ಊದಿದೆ, ಮಾತಾಡಿಸಿದರೆ ಸಿಡುಕುತ್ತಾಳೆ. ಕಥೆಗೆ ಅಷ್ಟೇನೂ ಬೇಕಿಲ್ಲದ ಅರ್ಧ ಪುಟ.

"ಇಲ್ಲೇನಾಯ್ತು?"

"ಮೇಡಂ, ನನ್ನ ತಲೇಲಿರೋಳಿಗೆ ಏಳು ವರ್ಷದಲ್ಲಿ ಒಂದು ದಿನಾನೂ ಹಲ್ಲುನೋವು ಬಂದಿಲ್ಲ."

ನಗುತ್ತಲೇ ಹೇಳಿದರು. ಆಮೇಲೆ ನಗು ನಿಂತಿತು. ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯುತ್ತ ಸುಮ್ನೆ ಕೂತರು. ನಾನೂ ಮಾತಾಡಲಿಲ್ಲ.

"ಅವಳಿಗೆ ಅರೆತಲೆನೋವು ಇತ್ತು. ತಿಂಗಳಿಗೆ ಎರಡು ಸಲ ಕೋಣೆ ಕತ್ತಲು ಮಾಡ್ಕೊಂಡು ಮಲಗೋಳು. ನಾನು ಫೋನಲ್ಲಿ 'ಮತ್ತೆ ಶುರುವಾಯ್ತಾ?' ಅಂತಿದ್ದೆ."

ಮೂರು ಭೇಟಿಯ ಕಥೆಯಲ್ಲಿ ಈ ತಲೆನೋವು ಒಮ್ಮೆಯೂ ಬಂದಿರಲಿಲ್ಲ.

"ಅವಳಲ್ಲೂ ಕುಂದುಕೊರತೆ ಇದ್ದಿರಬೇಕಲ್ವಾ" ಅಂತ ನಾನೇ ಕೇಳಿದ್ದರೆ ಅವರು ಅವಳ ಪರ ವಕಾಲತ್ತಿಗೆ ನಿಲ್ಲುತ್ತಿದ್ದರು. ಕಾದಂಬರಿಯ ಹುಡುಗಿಯ ಪರ ವಾದಿಸುವ ಹಂಗು ಯಾರಿಗೂ ಇರುವುದಿಲ್ಲ. ನಾನು ಪುಸ್ತಕ ಕೊಡುವುದು ಇದಕ್ಕೆ, ಸಮಾಧಾನಕ್ಕಲ್ಲ. ಹೀಗೆ ಪುಸ್ತಕ ಓದಿಸಿ ಮನಸ್ಸಿಗೆ ನೆರವಾಗುವುದಕ್ಕೆ ಬಿಬ್ಲಿಯೋಥೆರಪಿ ಅಂತ ಹೆಸರಿದೆ. 1916ರಲ್ಲಿ ಸ್ಯಾಮುಯೆಲ್ ಕ್ರಾದರ್ಸ್ ಅನ್ನುವ ಅಮೆರಿಕದ ಪಾದ್ರಿ ಒಂದು ತಮಾಷೆಯ ಪ್ರಬಂಧದಲ್ಲಿ ಬಳಸಿದ ಪದ ಅದು. ಓದುಗ ಪಾತ್ರದಲ್ಲಿ ತನ್ನನ್ನು ಕಾಣುತ್ತಾನೆ, ಮನಸ್ಸು ಹಗುರಾಗುತ್ತದೆ, ಆಮೇಲೆ ಏನೋ ಹೊಳೆಯುತ್ತದೆ ಎಂದು ಮುಂದೆ ಬೇರೆಯವರು ಮೂರು ಹಂತ ಹೇಳಿದರು. ನನ್ನ ಕೋಣೆಯಲ್ಲಿ ಈ ಹಂತಗಳು ಯಾವತ್ತೂ ಇದೇ ಕ್ರಮದಲ್ಲಿ ಬಂದಿಲ್ಲ. ಇವರಿಗೆ ಹೊಳೆದದ್ದು ಮೊದಲು. ಅಳು ಬಂದದ್ದು ಏಳನೇ ಭೇಟಿಯಲ್ಲಿ.

ಸಹೋದ್ಯೋಗಿಯ ಮಾತು ಪೂರ್ತಿ ತಪ್ಪೂ ಅಲ್ಲ. 1774ರಲ್ಲಿ ಬಂದ ಜರ್ಮನ್ ಲೇಖಕ ಗಯಟೆಯ ಕಾದಂಬರಿಯಲ್ಲಿ ಪ್ರೇಮದಲ್ಲಿ ಸೋತ ವೆರ್ಥರ್ ಪ್ರಾಣ ಕಳೆದುಕೊಳ್ಳುತ್ತಾನೆ. ಸರಿಯಾಗಿ 200 ವರ್ಷದ ನಂತರ, ಸುದ್ದಿ ನೋಡಿ ಅನುಕರಿಸುವ ಆತ್ಮಹತ್ಯೆಗಳಿಗೆ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಇಟ್ಟದ್ದು ಅವನದೇ ಹೆಸರು. ಹಾಗಾಗಿ ಗಾಯ ಹಸಿಯಿದ್ದಾಗ ನಾನು ಕಥೆ ಕೊಡುವುದಿಲ್ಲ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕುವುದೇ ಬೇಡ ಅನ್ನುವವರನ್ನು ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ನಾಯಕ ನಾಯಕಿ ಇಬ್ಬರೂ ದೇವತೆಗಳಂತಿರುವ ಪುಸ್ತಕವನ್ನು ಯಾರಿಗೂ ಹೇಳುವುದಿಲ್ಲ. ಅಂಥದ್ದೊಂದು ಅವರ ತಲೆಯಲ್ಲಿ ಆಗಲೇ ಇರುತ್ತದೆ.

ಕೊನೆಯ ಭೇಟಿಯಲ್ಲಿ ಅವರು ಕೇಳಿದರು, "ಅವಳಿಗೆ ಸಾರಿ ಅಂತ ಒಂದು ಮೆಸೇಜ್ ಹಾಕಲಾ?"

ಬೇಡ ಅಂದೆ. ಇಷ್ಟು ವರ್ಷದ ಮೇಲೆ ಆ ಮೆಸೇಜಿಗೆ ಏನು ಉತ್ತರ ಕೊಡಬೇಕು ಅನ್ನುವ ತಲೆಬಿಸಿ ಅವಳಿಗೆ ಯಾಕೆ? ಬರೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಅಂದೆ. ಈ ಸಲಹೆ ಸರಿಯೋ ತಪ್ಪೋ ಅಂತ ಈಗಲೂ ಯೋಚಿಸುತ್ತೇನೆ. ಅವರು ಕಾದಂಬರಿಯನ್ನು ಇನ್ನೂ ಮುಗಿಸಿಲ್ಲವಂತೆ. ಹಲ್ಲು ಕೀಳಿಸಿಕೊಂಡ ನಾಯಕಿ ಗಂಜಿ ಕುಡಿಯುವ ಪುಟದಲ್ಲೇ ಇದ್ದಾರೆ.